ಅತ್ತೆ ಎಣಿಸಿದ ನೆಲ್ಲಿಮರಗಳು

ನಮ್ಮ ಪೋಡಿನ, ಅಂದರೆ ಸೋಲಿಗರ ಹಾಡಿಯ, ನೆಲ್ಲಿ, ಜೇನು, ಕಲ್ಲುಹೂವಿನ ದಾಖಲೆ ಪುಸ್ತಕವನ್ನು ಮೊನ್ನೆ ಗ್ರಾಮಸಭೆಯಲ್ಲಿ ಓದಿ ಒಪ್ಪಿಗೆ ಪಡೆದೆವು. ಅವತ್ತಿನಿಂದ ಫೋನು ನಿಂತಿಲ್ಲ. ಬಿಳಿಗಿರಿರಂಗನ ಬೆಟ್ಟದ ಬೇರೆ ಪೋಡಿನವರು, ಚಾಮರಾಜನಗರದ ಗೆಳೆಯರು, ಎಲ್ಲರೂ ನನ್ನನ್ನೇ ಹೊಗಳುತ್ತಿದ್ದಾರೆ. ಆ ಹೊಗಳಿಕೆ ಸೇರಬೇಕಾದ ಮನೆ ಬೇರೆ, ಅಪ್ಪನ ಅಕ್ಕ, ನನ್ನ ಅತ್ತೆಯದು.

ಅಪ್ಪ ಜೇನುಮರದಿಂದ ಬಿದ್ದದ್ದು, ಆಮೇಲಿನ ಓಡಾಟ, ನಿಮಗೆಲ್ಲ ಗೊತ್ತು. ರಾತ್ರೋರಾತ್ರಿ ಜೀಪು ತಂದವರು, ರಕ್ತ ಕೊಟ್ಟವರು, ನಮ್ಮ ಕಾಫಿ ಬಿಡಿಸಿಕೊಟ್ಟವರು, ಜಿಪಿಎಸ್ ಹಿಡಿಯೋದು ಕಲಿಸಿದ ಸಂಶೋಧಕ ಗೆಳೆಯರು, ಎಲ್ಲರಿಗೂ ಕೈಮುಗಿಯುತ್ತೇನೆ.

ಅತ್ತೆಯ ಮಾತು ಬೇರೆ.

ಮೊದಲ ರಾತ್ರಿ ಆಸ್ಪತ್ರೆಯ ವರಾಂಡದಲ್ಲಿ ನನ್ನ ಜೊತೆ ಉಳಿದದ್ದು ಅವಳೊಬ್ಬಳೇ. ಒಳಗೆ ಮಲಗಿರುವುದು ಅವಳ ಒಡಹುಟ್ಟಿದ ತಮ್ಮ. ಆದರೂ ಅಪ್ಪನ ಸುದ್ದಿ ಎತ್ತಲೇ ಇಲ್ಲ. ಬೆಳಗಾಗುವವರೆಗೂ ನೆಲ್ಲಿಮರಗಳದ್ದೇ ಮಾತು. ಹಳ್ಳದ ಮೇಲಿನ ಮರಕ್ಕೆ ಉಪ್ಪಿಲು, ಅಂದರೆ ಮರದ ರಸ ಹೀರುವ ಗಿಡ, ಹತ್ತಿ ಅರ್ಧ ಒಣಗಿದೆ, ಅದರ ಪಕ್ಕದ್ದು ವರ್ಷ ಬಿಟ್ಟು ವರ್ಷ ಕಾಯಿ ಬಿಡುತ್ತದೆ, ಹೀಗೆ. "ತರಗು ಬೆಂಕಿ ನಿಲ್ಲಿಸಿದ ಮೇಲೇ ಕಣ್ಲಾ ಉಪ್ಪಿಲು ಹೆಚ್ಚಾಗಿದ್ದು" ಎಂದಳು. ತರಗು ಬೆಂಕಿ ಅಂದರೆ ಕಾಡಿನ ನೆಲದ ಒಣ ಎಲೆಗೆ ನಮ್ಮವರು ಹಿಂದೆ ಹಾಕುತ್ತಿದ್ದ ಸಣ್ಣ ಬೆಂಕಿ. ಉಪ್ಪಿಲಿನ ಬಗ್ಗೆ ಓದಿದವರೂ ನಮ್ಮ ಹಿರಿಯರ ಮಾತು ಕೇಳಿಯೇ ಬರೆದಿದ್ದಾರೆ. ಅತ್ತೆಗೆ ಅದು ಗೊತ್ತಿಲ್ಲ, ಗೊತ್ತಾದರೂ ಕ್ಯಾರೇ ಅನ್ನಲ್ಲ.

ಆ ದಿನಗಳಲ್ಲಿ ಜೇನಿನ ವಾಸನೆ ಬಂದರೆ ನನಗೆ ಹೊಟ್ಟೆ ತೊಳಸುತ್ತಿತ್ತು. ಈ ಕಾಡು ನಮಗೆ ಏನು ಕೊಟ್ಟಿದೆ ಅಂತ ಸಿಟ್ಟು. 1974ರಲ್ಲಿ ಅಭಯಾರಣ್ಯ ಅಂದರು, 2011ರಲ್ಲಿ ಹುಲಿ ಮೀಸಲು ಅಂದರು. ಅದೇ 2011ರಲ್ಲಿ ಇಪ್ಪತ್ತೈದು ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರವೂ ಬಂತು, ನಿಜ. ಆದರೆ ಮರದ ಕೆಳಗೆ ಬಿದ್ದಿದ್ದ ಅಪ್ಪನನ್ನು ಕಂಡವನಿಗೆ ಹಕ್ಕುಪತ್ರ ನೆನಪಾಗುತ್ತದೆಯೇ? ನಾನು ಬರೆಯುತ್ತಿದ್ದ ದಾಖಲೆ ಪುಸ್ತಕ ಒಲೆಗೆ ಹಾಕುತ್ತೇನೆ ಅಂತ ಅತ್ತೆಗೆ ಹೇಳಿದೆ.

"ಹಾಕು. ಮರ ಎಲ್ಲಿಗೂ ಹೋಗಲ್ಲ. ಮತ್ತೆ ಹೇಳ್ತೀನಿ, ಬರ್ಕೊಳ್ಳುವಂತೆ."

ಹಾಕಲಿಲ್ಲ. ನಾನು ಅಪ್ಪನ ಹಾಸಿಗೆ ಬಿಟ್ಟು ಏಳಲಾಗದಿದ್ದ ಆ ನೆಲ್ಲಿ ಕಾಲದಲ್ಲಿ ಕಾಡು ಸುತ್ತಿದವಳು ಅವಳೇ. ಅಕ್ಷರ ಬಾರದು. ಸಂಜೆ ಬಂದು, ನಡೆದ ದಾರಿಯ ಕ್ರಮದಲ್ಲೇ ಒಂದೊಂದು ಮರ ಹೇಳುತ್ತಿದ್ದಳು, ಮೊಮ್ಮಗಳು ಬರೆಯುತ್ತಿದ್ದಳು: ಕಾಯಿ ಹೇಗಿದೆ, ಉಪ್ಪಿಲು ಉಂಟೋ, ಯಾರಾದರೂ ಕೊಂಬೆ ಕಡಿದಿದ್ದಾರೋ, ಬುಡದ ಸಸಿ ಲಾಂಟಾನ ಕಳೆಯಡಿ ಸಿಕ್ಕಿದೆಯೋ. ನನ್ನ ನಕ್ಷೆಯಲ್ಲಿ ಒಂದೇ ಚುಕ್ಕೆ ಇದ್ದ ಕಡೆ ಅವಳ ಲೆಕ್ಕದಲ್ಲಿ ಮೂರು ಮರ. ಹೋಗಿ ನೋಡಿದೆ, ಮೂರೇ. ಗ್ರಾಮಸಭೆಯಲ್ಲಿ ಓದಿದ್ದು ಆ ಹುಡುಗಿಯ ಕೈಬರಹದ ಪುಟಗಳನ್ನು. ಈ ಸಲ ಯಾವ ಕಡೆಯ ಕಾಯಿ ಮುಟ್ಟಬಾರದು ಎಂದು ಜನ ತೀರ್ಮಾನಿಸಿದ್ದೂ ಅವುಗಳನ್ನು ಕೇಳಿಯೇ.

ಅಪ್ಪ ಇನ್ನು ಮರ ಹತ್ತುವುದಿಲ್ಲ. ಹೆಜ್ಜೇನು ಕೊಯ್ಯುವಾಗ ಮರಿ ಇರುವ ಭಾಗ ಬಿಟ್ಟು ತುಪ್ಪದ ಭಾಗ ಮಾತ್ರ ತೆಗೆಯೋದು ಹೇಗೆ ಅಂತ ಹುಡುಗರಿಗೆ ಜಗಲಿಯಲ್ಲಿ ಕೂತೇ ಹೇಳಿಕೊಡುತ್ತಾರೆ. ಬೈಗುಳವೂ ಜೊತೆಗೇ.

ಅತ್ತೆಯ ಹತ್ತಿರ ಫೋನಿಲ್ಲ. ಅವಳಿಗೆ ಏನಾದರೂ ಹೇಳಬೇಕು ಅನ್ನಿಸಿದವರು ನನಗೆ ಬರೆದು ಕಳಿಸಿ, ಮೊಮ್ಮಗಳು ಓದಿ ಹೇಳುತ್ತಾಳೆ. ಎಲೆಯಡಿಕೆ ತಂದು ಎದುರಿಗೇ ಕೂತು ಹೇಳಿದರೆ ಇನ್ನೂ ಒಳ್ಳೆಯದು.