ಖಾಲಿ ಸೈಟಿನ ನೋಟಿಸ್ ಮುಂಗಾರಿಗೆ ಮೊದಲೇ ಬರಲಿ

ಸಂಪಾದಕರೇ,

ಬಡಾವಣೆಗಳ ಖಾಲಿ ಸೈಟುಗಳನ್ನು ಸ್ವಚ್ಛಗೊಳಿಸಲು ಮಾಲೀಕರಿಗೆ ನೋಟಿಸ್ ಕೊಡುವ ಅಧಿಕಾರ ಪಾಲಿಕೆ, ನಗರಸಭೆಗಳಿಗೆ ಇದ್ದೇ ಇದೆ. ಆದರೆ ದೂರು ಬರಲೆಂದು ಕಾದು, ಮಳೆಗಾಲ ಮುಗಿಯುವ ಹೊತ್ತಿಗೆ ಜೆಸಿಬಿ ಕಳುಹಿಸಿದರೆ ಕೆಲಸ ಕೆಡುತ್ತದೆ. ಮೊಳೆತ ಒಂದೂವರೆ ತಿಂಗಳೊಳಗೆ ಕಾಂಗ್ರೆಸ್ ಗಿಡ ಹೂ ಬಿಡುತ್ತದೆ. ಒಂದೊಂದು ಗಿಡದಿಂದ ಸಾವಿರಾರು ಬೀಜ ಉದುರುತ್ತವೆ. ಆಮೇಲೆ ಮಣ್ಣು ಕೆರೆದರೆ ಬೀಜ ಪಕ್ಕದ ಸೈಟಿಗೂ ಹೋಗುತ್ತದೆ, ಆಳದಲ್ಲಿ ಹೂತಿದ್ದವು ಮೇಲಕ್ಕೆ ಬರುತ್ತವೆ. ಜೆಸಿಬಿ ಚಕ್ರದ ಗುಂಡಿಗಳಲ್ಲಿ ನೀರು ನಿಲ್ಲುವುದು ಬೇರೆ.

ನೋಟಿಸ್ ಮೇ ತಿಂಗಳಲ್ಲೇ ಹೋಗಬೇಕು. ಜೂನ್‌ನಲ್ಲಿ ನೆಲ ಹಸಿಯಿರುವಾಗ, ಹೂ ಬಿಡುವ ಮುಂಚೆ, ಗಿಡವನ್ನು ಬೇರುಸಹಿತ ಕೀಳಿಸಬೇಕು. ಬುಡ ಉಳಿಸಿ ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಕೀಳುವವರಿಗೆ ಕೈಗವಸು, ಮಾಸ್ಕ್ ಕೊಡದೆ ಈ ಕೆಲಸ ಮಾಡಿಸಲೇಬಾರದು. ಚರ್ಮದ ತುರಿಕೆ, ಉಬ್ಬಸ ಅವರಿಗೇ ಮೊದಲು ತಗಲುತ್ತದೆ. ಕೀಳಲಾಗದ ಕಡೆ ಲೀಟರ್ ನೀರಿಗೆ 200 ಗ್ರಾಂ ಅಡುಗೆ ಉಪ್ಪು ಕರಗಿಸಿ ಬಿಸಿಲಿನಲ್ಲಿ ಎಲೆ ತೋಯುವಂತೆ ಸಿಂಪಡಿಸಬಹುದು. ಬಾವಿ, ಕೈತೋಟ, ಗೋಡೆಯ ಬುಡದ ಹತ್ತಿರ ಇದು ಬೇಡ. ಕಿತ್ತದ್ದನ್ನು ಅಲ್ಲೇ ಸುಡಬಾರದು: ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಆದೇಶಿಸಿದೆ.

ಬೀಗ ಹಾಕಿದ ಮನೆ, ಅರ್ಧಕ್ಕೆ ನಿಂತ ಕಟ್ಟಡಗಳು ಇನ್ನೂ ಅಪಾಯಕಾರಿ. ಮುಚ್ಚಳವಿಲ್ಲದ ಸಂಪು, ತಾರಸಿಯ ಟ್ಯಾಂಕು, ಲಿಫ್ಟ್ ಗುಂಡಿ, ಎಲೆ ಕಟ್ಟಿಕೊಂಡ ಮಳೆನೀರಿನ ಕೊಳವೆ, ಹಳೆಯ ಟೈರು ಇವನ್ನು ಬೀದಿಯಲ್ಲಿ ನಿಂತು ನೋಡಿದರೆ ಕಾಣುವುದಿಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಇಂಥ ನೀರಿನಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ಫಾಗಿಂಗ್ ಹಾರುವ ಸೊಳ್ಳೆಯನ್ನಷ್ಟೇ ಕೊಲ್ಲುತ್ತದೆ, ಮರಿಗಳು ನೀರಿನಲ್ಲಿ ಉಳಿಯುತ್ತವೆ. ಆದ್ದರಿಂದ ವಾರಕ್ಕೊಮ್ಮೆ ಒಳಹೊಕ್ಕು ನೀರು ಚೆಲ್ಲಿಸಬೇಕು.

ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ದಂಡವನ್ನೂ ಗೊತ್ತುಮಾಡಿತು: ಸೊಳ್ಳೆ ಬೆಳೆಯಲು ಬಿಟ್ಟರೆ ನಗರದ ಮನೆಗೆ 400 ರೂಪಾಯಿ, ಖಾಲಿ ಜಾಗ ಹಾಗೂ ನಿರ್ಮಾಣದ ಸ್ಥಳಕ್ಕೆ 2,000. ಸೈಟಿನ ಬೆಲೆ ಲಕ್ಷಗಳಲ್ಲಿರುವಾಗ ಈ ಮೊತ್ತಕ್ಕೆ ಮಾಲೀಕರು ಹೆದರುವುದಿಲ್ಲ. ಅದಕ್ಕಿಂತ ಸ್ವಚ್ಛತೆಯ ಪೂರ್ತಿ ಖರ್ಚನ್ನು ಆಸ್ತಿ ತೆರಿಗೆಯ ಜೊತೆಗೇ ವಸೂಲು ಮಾಡುವುದು ಹೆಚ್ಚು ಫಲ ಕೊಡುತ್ತದೆ.

ವಸೂಲಿ ತಕರಾರಿಲ್ಲದೆ ನಡೆಯಬೇಕಾದರೆ ಕಾಗದಪತ್ರ ಗಟ್ಟಿಯಿರಬೇಕು. ಮಾಲೀಕರು ಬೇರೆ ಊರಲ್ಲಿದ್ದರೆ ಅಂಚೆಯ ನೋಟಿಸ್ ವಾಪಸು ಬರುತ್ತದೆ. ಹಾಗಾಗಿ ತೆರಿಗೆ ದಾಖಲೆಯ ಮೊಬೈಲ್ ಸಂಖ್ಯೆಗೂ ಸಂದೇಶ ಕಳುಹಿಸಿ, ಸೈಟಿನಲ್ಲೇ ಪ್ರತಿ ಅಂಟಿಸಿ, ದಿನಾಂಕವಿರುವ ಫೋಟೊ ತೆಗೆದಿಡಬೇಕು. ಕೆಲಸದ ಮುಂಚೆ ಮತ್ತು ನಂತರ ಅಕ್ಕಪಕ್ಕದವರ ಸಹಿಯೊಂದಿಗೆ ಮಹಜರು ಆಗಬೇಕು. ದೂರು ಕೊಡುವ ನಿವಾಸಿಗಳೂ ಬರೀ ‘ಪಕ್ಕದ ಸೈಟು’ ಎಂದು ಬರೆಯದೆ ಸೈಟ್ ಸಂಖ್ಯೆ, ಅಡ್ಡರಸ್ತೆ, ನೀರು ನಿಂತಿರುವ ಜಾಗ ನಮೂದಿಸಿ, ಸ್ವೀಕೃತಿ ಪಡೆದುಕೊಳ್ಳಲಿ.