ಹೈಸ್ಕೂಲಿನಲ್ಲಿದ್ದೇ ಕಾಲೇಜು ಕೋರ್ಸ್: ಅಕ್ಕನಿಗೊಂದು ಕಾಗದ

ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಪ್ರೀತಿಯ ಅಕ್ಕನಿಗೆ ನಮಸ್ಕಾರಗಳು.

ಭಾವನಿಗೆ ಇಲ್ಲಿಗೇ ವರ್ಗವಾಗಿದ್ದು ಕೇಳಿ ಬಹಳ ಸಂತೋಷವಾಯಿತು. ಎಸ್‌ಎಸ್‌ಎಲ್‌ಸಿ ಮುಗಿಸಿದ ಸಿಂಚನಾ ಇಲ್ಲಿ 11ನೇ ಗ್ರೇಡಿಗೆ ಸೇರುತ್ತಾಳಲ್ಲ, ಅದರ ಜೊತೆಗೇ ಕಮ್ಯುನಿಟಿ ಕಾಲೇಜಿನ (ಇಲ್ಲಿನ ಎರಡು ವರ್ಷದ ಸರ್ಕಾರಿ ಕಾಲೇಜು) ಕೋರ್ಸ್ ಮಾಡಬಹುದಾ ಅಂತ ಕೇಳಿದ್ದೀಯ. ಖಂಡಿತ ಮಾಡಬಹುದು, ಮಾಡಿಸು. ಆದರೆ ನಿಮ್ಮ ವೀಸಾ ಎಚ್-4 (ಕೆಲಸದ ವೀಸಾದಲ್ಲಿ ಬಂದವರ ಹೆಂಡತಿ-ಮಕ್ಕಳಿಗೆ ಕೊಡುವ ವೀಸಾ) ಆಗಿರುವುದರಿಂದ ಮೊದಲ ವರ್ಷ ಯಾವ ದಾರಿಯಲ್ಲಿ ಮಾಡುತ್ತಾಳೆ ಅನ್ನೋದು ಮುಖ್ಯ.

ಇಲ್ಲಿ ಎರಡು ದಾರಿ ಇವೆ. ಮೊದಲನೆಯದು, ಅವಳೇ ನೇರವಾಗಿ ಕಾಲೇಜಿಗೆ ಅರ್ಜಿ ಹಾಕಿ ‘ಸ್ಪೆಷಲ್ ಪಾರ್ಟ್-ಟೈಮ್’ ವಿದ್ಯಾರ್ಥಿಯಾಗುವುದು. ಒಂದು ಸೆಮಿಸ್ಟರಿಗೆ 11 ಯೂನಿಟ್ ಮಿತಿ. ಯೂನಿಟ್ ಅಂದರೆ ಕೋರ್ಸಿನ ಕ್ರೆಡಿಟ್ ಅಳತೆ. ಕ್ಯಾಲ್ಕುಲಸ್ ಹಲವು ಕಾಲೇಜುಗಳಲ್ಲಿ 5 ಯೂನಿಟ್, ಮಿಕ್ಕ ಎಷ್ಟೋ ವಿಷಯ 3 ಯೂನಿಟ್. ಅಂದರೆ ಒಂದು ಕ್ಯಾಲ್ಕುಲಸ್ ಮತ್ತು ಎರಡು ಸಣ್ಣ ಕೋರ್ಸಿಗೆ ಮಿತಿ ಮುಗಿಯುತ್ತದೆ. ಎರಡನೆಯದು ಸಿಕ್ಯಾಪ್ (ಕಾಲೇಜ್ ಆ್ಯಂಡ್ ಕರಿಯರ್ ಆ್ಯಕ್ಸೆಸ್ ಪಾತ್‌ವೇಸ್) ಎಂಬ ಯೋಜನೆ. ಈ ರಾಜ್ಯದ 2015ರ ಎಬಿ 288 ಕಾಯ್ದೆಯಿಂದ ಬಂದದ್ದು. ಶಾಲಾ ಡಿಸ್ಟ್ರಿಕ್ಟ್ (ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ) ಮತ್ತು ಕಾಲೇಜು ಒಪ್ಪಂದ ಮಾಡಿಕೊಂಡು, ಸಾಮಾನ್ಯವಾಗಿ ಹೈಸ್ಕೂಲಿನ ಆವರಣದಲ್ಲೇ ಕಾಲೇಜು ತರಗತಿ ನಡೆಸುತ್ತವೆ. ಅದರಲ್ಲಿ 15 ಯೂನಿಟ್‌ವರೆಗೆ, ನಾಲ್ಕು ಕೋರ್ಸ್ ಮೀರದಂತೆ ತೆಗೆದುಕೊಳ್ಳಬಹುದು.

ಈಗ ದುಡ್ಡಿನ ವಿಷಯ. ಇಲ್ಲಿನ ನಿವಾಸಿಗಳಿಗೆ ಯೂನಿಟ್‌ಗೆ 46 ಡಾಲರ್. ಹೈಸ್ಕೂಲ್ ಮಕ್ಕಳಿಗೆ ಅದನ್ನೂ ಬಹುತೇಕ ಕಾಲೇಜುಗಳು ಮನ್ನಾ ಮಾಡುತ್ತವೆ. ಆದರೆ ರಾಜ್ಯದಲ್ಲಿ ಒಂದು ವರ್ಷ ವಾಸ ಮಾಡದವರಿಗೆ ನಾನ್-ರೆಸಿಡೆಂಟ್ ಶುಲ್ಕ ಬೇರೆ ಇದೆ, ಅನೇಕ ಕಡೆ ಯೂನಿಟ್‌ಗೆ 300 ಡಾಲರಿಗೂ ಹೆಚ್ಚು. ಸ್ಪೆಷಲ್ ಪಾರ್ಟ್-ಟೈಮ್ ಮಕ್ಕಳಿಗೆ ಇದರಿಂದ ವಿನಾಯಿತಿ ಕೊಡುವ ಕಾನೂನೇ ಇದೆ, ಆದರೆ ಎಚ್-4ನಂಥ ತಾತ್ಕಾಲಿಕ ವೀಸಾದವರನ್ನು ಅದರಿಂದ ಹೊರಗಿಟ್ಟಿದ್ದಾರೆ. ಇದು ಗೊತ್ತಿಲ್ಲದೆ ‘ಹೈಸ್ಕೂಲ್ ಮಕ್ಕಳಿಗೆ ಫ್ರೀ’ ಅನ್ನೋ ಮಾತು ನಂಬಿ ಕ್ಯಾಲ್ಕುಲಸ್‌ಗೆ ಸೇರಿದರೆ ಸಾವಿರದೈನೂರು ಡಾಲರ್ ದಾಟಿದ ಬಿಲ್ಲು ಬಂದೀತು. ಸಿಕ್ಯಾಪ್‌ನಲ್ಲಿ ಹಾಗಿಲ್ಲ, ನಾನ್-ರೆಸಿಡೆಂಟ್ ಶುಲ್ಕವನ್ನೂ ಸೇರಿಸಿ ಮನ್ನಾ. ಹಾಗಾಗಿ ಮೊದಲ ವರ್ಷ ಸಿಕ್ಯಾಪ್ ಕೋರ್ಸೇ ಸರಿ. ಮನೆ ಬಾಡಿಗೆಗೆ ಹಿಡಿಯುವ ಮೊದಲೇ ಆ ಹೈಸ್ಕೂಲಿಗೆ ಸಿಕ್ಯಾಪ್ ಇದೆಯಾ, ಯಾವ ಕೋರ್ಸ್ ಇದೆ ಅಂತ ಭಾವ ಕೇಳಲಿ.

ಎಚ್-4 ಇದ್ದರೂ ಒಂದು ವರ್ಷದ ಮೇಲೆ ನಿವಾಸಿ ಆಗಬಹುದು. ಟರ್ಮ್ ಶುರುವಾಗುವ ಹಿಂದಿನ ದಿನಕ್ಕೆ ವರ್ಷ ತುಂಬಿರಬೇಕು. ಅವಳಿನ್ನೂ ಅಪ್ರಾಪ್ತಳಾದ್ದರಿಂದ ನಿಮ್ಮ ವಾಸವನ್ನೇ ಲೆಕ್ಕ ಹಿಡಿಯುತ್ತಾರೆ. ಬಾಡಿಗೆ ಕರಾರು, ಡ್ರೈವಿಂಗ್ ಲೈಸೆನ್ಸ್, ರಾಜ್ಯದ ಟ್ಯಾಕ್ಸ್ ರಿಟರ್ನ್ ಎಲ್ಲ ಒಂದು ಫೈಲಿನಲ್ಲಿಡಿ.

ಅರ್ಜಿ ಹಾಕುವುದು ‘ಸಿಸಿಸಿ ಅಪ್ಲೈ’ ಎಂಬ ಜಾಲತಾಣದಲ್ಲಿ. ಸೋಷಿಯಲ್ ಸೆಕ್ಯುರಿಟಿ ನಂಬರ್ ಇಲ್ಲದಿದ್ದರೂ ನಡೆಯುತ್ತದೆ. ‘ಹೈಸ್ಕೂಲ್ ಮತ್ತು ಕಾಲೇಜು ಒಟ್ಟಿಗೇ’ ಎಂಬ ಆಯ್ಕೆಯನ್ನೇ ಗುರುತು ಮಾಡಬೇಕು. ಮಕ್ಕಳು ಅವಸರದಲ್ಲಿ ‘ಮೊದಲ ಸಲದ ಕಾಲೇಜು ವಿದ್ಯಾರ್ಥಿ’ ಅಂತ ಒತ್ತಿಬಿಟ್ಟರೆ ಅರ್ಜಿ ಬೇರೆ ಸಾಲಿಗೆ ಹೋಗಿ, ಸರಿಪಡಿಸುವಷ್ಟರಲ್ಲಿ ಸೀಟು ಹೋಗಿರುತ್ತದೆ. ಕಾಲೇಜಿನ ಐಡಿ ಇಮೇಲಿಗೆ ಬಂದ ಮೇಲೆ ಒಂದು ಅನುಮತಿ ಫಾರಂ ಇರುತ್ತದೆ. ಅದಕ್ಕೆ ಅವಳ ಸಹಿ, ನಿಮ್ಮಲ್ಲೊಬ್ಬರ ಸಹಿ, ಶಾಲೆಯ ಪ್ರಿನ್ಸಿಪಾಲ್ ಅಥವಾ ಅವರ ಪರವಾಗಿ ಕೌನ್ಸೆಲರ್ ಸಹಿ ಬೇಕು. ಸಾಮಾನ್ಯವಾಗಿ ಪ್ರತಿ ಟರ್ಮಿಗೂ ಹೊಸ ಫಾರಂ. ಬೇಸಿಗೆ ರಜೆಯಲ್ಲಿ ಕೌನ್ಸೆಲರ್‌ಗಳು ಸಿಗುವುದಿಲ್ಲ, ಆದ್ದರಿಂದ ಆಗಸ್ಟಿನ ಕೋರ್ಸಿಗೆ ಮೇ ತಿಂಗಳಲ್ಲೇ ಸಹಿ ಹಾಕಿಸಬೇಕು.

ಕ್ಯಾಲ್ಕುಲಸ್‌ಗೆ ಪೂರ್ವಾರ್ಹತೆ ಕೇಳುತ್ತಾರೆ. ನಮ್ಮ ಬೋರ್ಡಿನ ಅಂಕಪಟ್ಟಿಯನ್ನು ಕಾಲೇಜಿನ ಕಂಪ್ಯೂಟರ್ ತಾನಾಗಿ ಗುರುತಿಸುವುದಿಲ್ಲ, ಕಾಗದಪತ್ರ ಕೊಟ್ಟು ಆ ಅರ್ಹತೆ ಇದೆ ಅಂತ ತೋರಿಸಬೇಕು. ಇನ್ನೊಂದು, ಕಾಲೇಜಿನವರಿಗೆ ಕಾಯಂ ವಿದ್ಯಾರ್ಥಿಗಳೇ ಮೊದಲು, ಹೈಸ್ಕೂಲ್ ಮಕ್ಕಳ ಸರದಿ ಕೊನೆಗೆ. ತರಗತಿ ತುಂಬಿದ್ದರೆ ವೇಟ್‌ಲಿಸ್ಟಿಗೆ ಹೆಸರು ಹಾಕಿ ಮೊದಲ ದಿನ ತಪ್ಪದೆ ಹೋಗಿ ಕೂರಬೇಕು. ಜಾಗವಿದ್ದರೆ ಪ್ರೊಫೆಸರ್ ‘ಆ್ಯಡ್ ಕೋಡ್’, ಅಂದರೆ ತರಗತಿಗೆ ಹೆಸರು ಸೇರಿಸಿಕೊಳ್ಳುವ ಸಂಕೇತ, ಕೊಡುತ್ತಾರೆ. ಅದನ್ನು ಗಡುವಿನೊಳಗೆ ಪೋರ್ಟಲ್‌ನಲ್ಲಿ ಹಾಕದಿದ್ದರೆ ತರಗತಿಯಲ್ಲಿ ಕೂತೂ ಪ್ರಯೋಜನವಿಲ್ಲ.

ಲಾಭ ದೊಡ್ಡದು. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಪ್ರವೇಶದ ಲೆಕ್ಕದಲ್ಲಿ ವರ್ಗಾಯಿಸಬಹುದಾದ (ಅಂದರೆ ಯೂನಿವರ್ಸಿಟಿ ತನ್ನ ಕ್ರೆಡಿಟ್ ಆಗಿ ಒಪ್ಪುವ) ಒಂದು ಸೆಮಿಸ್ಟರ್ ಕಾಲೇಜು ಕೋರ್ಸ್ ಹೈಸ್ಕೂಲಿನ ಒಂದು ವರ್ಷದ ವಿಷಯಕ್ಕೆ ಸಮ. ಯಾವುದು ವರ್ಗವಾಗುತ್ತದೆ ಅನ್ನೋದು ‘ಅಸಿಸ್ಟ್’ ಜಾಲತಾಣದಲ್ಲಿ ಕಾಲೇಜುವಾರು ಸಿಗುತ್ತದೆ. ಹೈಸ್ಕೂಲ್ ಡಿಪ್ಲೊಮಾಗೆ ಅದು ಎಷ್ಟು ಕ್ರೆಡಿಟ್ ಅನ್ನೋದನ್ನು ಡಿಸ್ಟ್ರಿಕ್ಟೇ ತೀರ್ಮಾನಿಸುವುದು. ಅದನ್ನು ಕೌನ್ಸೆಲರ್‌ರಿಂದ ಮೊದಲೇ ಇಮೇಲಿನಲ್ಲಿ ಬರೆಸಿಕೊಳ್ಳಿ.

ಅಪಾಯವೂ ಅಷ್ಟೇ ನಿಜ. ಇಲ್ಲಿ ಬಂದ ಗ್ರೇಡು ಅವಳ ಕಾಯಂ ಕಾಲೇಜು ದಾಖಲೆ. ಮುಂದೆ ಯಾವ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದರೂ ತೋರಿಸಬೇಕು. ಕಷ್ಟ ಅನ್ನಿಸಿದರೆ ಮೊದಲ ಗಡುವಿನೊಳಗೆ ಬಿಟ್ಟರೆ ಗುರುತೇ ಉಳಿಯದು, ಆಮೇಲೆ ಬಿಟ್ಟರೆ ದಾಖಲೆಯಲ್ಲಿ ‘ಡಬ್ಲ್ಯು’ (ವಿತ್‌ಡ್ರಾ, ಕೋರ್ಸ್ ಬಿಟ್ಟ ಗುರುತು) ಉಳಿಯುತ್ತದೆ, ಕೊನೆಯ ಗಡುವೂ ದಾಟಿದರೆ ಬಂದ ಗ್ರೇಡೇ ಗತಿ. ತರಗತಿಗೆ ಹೋಗುವುದು ನಿಲ್ಲಿಸಿದರೆ ಹೆಸರು ತಾನೇ ಹೋಗುತ್ತದೆ ಅಂತ ಸುಮ್ಮನಿದ್ದು ‘ಎಫ್’ ತಗೊಂಡ ಮಕ್ಕಳಿದ್ದಾರೆ. ಈ ವಿಷಯ ನೀನು ಕಾಲೇಜಿಗೆ ಫೋನ್ ಮಾಡಿ ತಿಳಿಯುವ ಹಾಗೂ ಇಲ್ಲ. ಫೆರ್ಪಾ ಎಂಬ, ವಿದ್ಯಾರ್ಥಿಗಳ ದಾಖಲೆಯ ಗೌಪ್ಯತೆಯ ಅಮೆರಿಕದ ಕಾಯ್ದೆಯ ಪ್ರಕಾರ ಕಾಲೇಜಿಗೆ ಸೇರಿದ ವಿದ್ಯಾರ್ಥಿಯ ದಾಖಲೆಯ ಹಕ್ಕು, ವಯಸ್ಸು ಹದಿನಾರೇ ಆಗಿರಲಿ, ಆ ವಿದ್ಯಾರ್ಥಿಯದ್ದೇ. ವಾರಕ್ಕೊಮ್ಮೆ ಅವಳೇ ಪೋರ್ಟಲ್ ತೆರೆದು ತೋರಿಸುವ ಹಾಗೆ ಮಾತಾಡಿಕೊಳ್ಳಿ. ಮೊದಲ ಸೆಮಿಸ್ಟರಿಗೆ ಒಂದೇ ಕೋರ್ಸ್ ಸಾಕು, ಹೊಸ ಶಾಲೆಗೂ ಹೊಂದಿಕೊಳ್ಳಬೇಕಲ್ಲ.

ಭಾವನ ಆಫೀಸಿನವರು ಕೊನೆಗೆ ಸಿಯಾಟಲ್‌ಗೆ ಹೋಗಿ ಅಂದರೆ ಇದ್ಯಾವುದೂ ಲಾಗುವಾಗದು. ವಾಷಿಂಗ್ಟನ್ ರಾಜ್ಯದಲ್ಲಿ 11 ಮತ್ತು 12ನೇ ಗ್ರೇಡಿನವರಿಗೆ ‘ರನ್ನಿಂಗ್ ಸ್ಟಾರ್ಟ್’ ಅಂತ ಬೇರೆಯೇ ಯೋಜನೆ. ಆಗ ಹೇಳು, ಅದನ್ನು ಬೇರೆಯಾಗಿ ಬರೆಯುತ್ತೇನೆ.

ಸದ್ಯಕ್ಕೆ 8, 9, 10ನೇ ತರಗತಿಯ ಅಂಕಪಟ್ಟಿ, ವರ್ಗಾವಣೆ ಪತ್ರ, ಲಸಿಕೆ ಹಾಕಿಸಿದ ದಾಖಲೆ ಸ್ಕ್ಯಾನ್ ಮಾಡಿ ಕಳಿಸು. ಓದಿದ ಗಣಿತದ ಅಧ್ಯಾಯಗಳ ಪಟ್ಟಿಯನ್ನು ಇಂಗ್ಲಿಷಿನಲ್ಲಿ, ಶಾಲೆಯ ಮೊಹರು ಹಾಕಿಸಿ ತನ್ನಿ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ತಮ್ಮ