ಮಿಲ್ಲಿನವರ ಮನೆಗೆ ಕೈಜೋಡಿಸಿದವರಿಗೆ ವಂದನೆ

ಕುಂದಾಪುರ ಸೀಮೆಯಲ್ಲಿ ಕುಚ್ಚಲಕ್ಕಿ ಮಿಲ್ಲು ನಡೆಸಿದ ಹಿರಿಯರೊಬ್ಬರು ಕಟ್ಟಿಸಿದ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಮನೆಯ ದುರಸ್ತಿ ಮಳೆಗಾಲಕ್ಕೆ ಮುಂಚೆಯೇ ಮುಗಿದಿದೆ. ದುಡಿದವರಿಗೆಲ್ಲ ಮನಸಾರೆ ಧನ್ಯವಾದ.

ಮೊದಲ ನಮಸ್ಕಾರ ಗಾರೆ ಕೆಲಸದವರಿಗೆ. ಗೋಡೆಯ ಬುಡಕ್ಕೆ ಹಿಂದೆ ಯಾವಾಗಲೋ ಬಳಿದ ಸಿಮೆಂಟೇ ಈ ಮನೆಯ ರೋಗ. ಮುರಕಲ್ಲು ನೆಲದ ತೇವ ಹೀರುತ್ತದೆ, ಸಿಮೆಂಟು ಅದನ್ನು ಹೊರಗೆ ಬಿಡುವುದಿಲ್ಲ. ತೇವ ಮೇಲೇರಿ, ಉಪ್ಪು ಹರಳುಗಟ್ಟಿ, ಕಲ್ಲು ಒಳಗೊಳಗೇ ಪುಡಿಯಾಗುತ್ತದೆ. ಸಣ್ಣ ಉಳಿಯನ್ನು ಓರೆಯಾಗಿ ಹಿಡಿದು, ಸಂದಿಯಿಂದ ಶುರುಮಾಡಿ, ಕಲ್ಲಿನ ಮುಖ ಕೀಳದ ಹಾಗೆ ಅಷ್ಟನ್ನೂ ಬಿಡಿಸಿದರು. ಯಂತ್ರ ಹಚ್ಚಿದ್ದರೆ ಅರ್ಧ ಗೋಡೆ ಹೋಗುತ್ತಿತ್ತು.

ಉಮಿಬೂದಿ, ಅಂದರೆ ಭತ್ತದ ಹೊಟ್ಟು ಸುಟ್ಟ ಬೂದಿ, ಕೊಟ್ಟ ಮಿಲ್ಲಿನವರ ಉಪಕಾರ ದೊಡ್ಡದು. 100 ಕಿಲೋ ಭತ್ತಕ್ಕೆ ಸುಮಾರು 20 ಕಿಲೋ ಉಮಿ, ಅದನ್ನು ಸುಟ್ಟರೆ ಸಿಗುವ ಬೂದಿ 4 ಕಿಲೋ. ಅದರಲ್ಲಿ ಬಹುಪಾಲು ಸಿಲಿಕಾ. ಅದು ಸುಣ್ಣಕ್ಕೆ ಸೇರಿದರೆ ಒದ್ದೆ ಜಾಗದಲ್ಲೂ ಗಾರೆ ಗಟ್ಟಿಯಾಗುತ್ತದೆ. ಆದರೆ ಬಾಯ್ಲರಿನಿಂದ ಬಂದ ಬೂದಿಯೆಲ್ಲ ಆಗದು. ಕಪ್ಪು ಬೂದಿಯಲ್ಲಿ ಇದ್ದಿಲು ಉಳಿದಿರುತ್ತದೆ, ಗಾರೆ ವಿಪರೀತ ನೀರು ಕೇಳುತ್ತದೆ. ಅತಿ ಉರಿಯಲ್ಲಿ ಬೆಂದದ್ದು ಸುಣ್ಣದೊಡನೆ ಕೂಡುವುದಿಲ್ಲ. ಹದವಾಗಿ ಬೆಂದ ಬೂದು ಬಣ್ಣದ್ದನ್ನೇ ಆರಿಸಿ, ನುಣ್ಣಗೆ ಅರೆಸಿ ಕಳಿಸಿದರು. ಕಪ್ಪೆಚಿಪ್ಪಿನ ಸುಣ್ಣ 1 ಪಾಲು, ತೊಳೆದ ಹೊಳೆಮರಳು 3 ಪಾಲು, ಬೂದಿ ಅರ್ಧ ಪಾಲು. ಇದು ಬುಡದ ಮೂರಡಿಗೆ ಮಾತ್ರ. ಮೇಲೆಲ್ಲ ಬರೀ ಸುಣ್ಣ, ಮರಳು. ಒಂದೇ ಸಲಕ್ಕೆ ಬಳಿದ ಗಾರೆ ಅರ್ಧ ಅಂಗುಲ ಮೀರಿದರೆ ಬಿರುಕು ಬಿಡುತ್ತದೆ, ಬೇಗ ಒಣಗಿದರೂ ಅಷ್ಟೇ. ಒದ್ದೆ ಗೋಣಿ ಹೊದಿಸಿ, ಹೊತ್ತುಹೊತ್ತಿಗೆ ನೀರು ಚಿಮುಕಿಸಿ ಕಾದ ಅಕ್ಕಂದಿರನ್ನು ಮರೆಯುವ ಹಾಗೇ ಇಲ್ಲ.

ಹಂಚು ಹೊದಿಸಲು ಮಾಡಿಗೆ (ಮನೆಯ ಚಾವಣಿಗೆ) ಹತ್ತಿದವರಿಗೂ ವಂದನೆ. 100 ಚದರಡಿಗೆ ಸುಮಾರು 150 ಹಂಚು ಬೇಕು. 1865ರಲ್ಲಿ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯಲ್ಲಿ ಹಲವು ಕಾರ್ಖಾನೆಗಳು ಬಂದವು. ಒಂದರ ಹಂಚು ಇನ್ನೊಂದರದಕ್ಕೆ ಸರಿಯಾಗಿ ಕೂರುವುದಿಲ್ಲ, ಸಂದಿಯಲ್ಲಿ ನೀರು ಇಳಿಯುತ್ತದೆ. ಅದಕ್ಕೇ ಪ್ರತಿ ಹಂಚನ್ನೂ ತಟ್ಟಿ ನೋಡಿ, ಠಣ್ ಎಂದವನ್ನು ಮುದ್ರೆ ನೋಡಿ ಬೇರೆ ಮಾಡಿ, ಒಂದೊಂದು ಇಳಿಜಾರಿಗೆ ಒಂದೇ ಕಾರ್ಖಾನೆಯದನ್ನು ಹೊದಿಸಿ, ಅದರ ಅಳತೆಗೇ ರೀಪು (ಹಂಚು ಕೂರುವ ಮರದ ಪಟ್ಟಿ) ಹೊಡೆದರು.

ಭತ್ತ ತುಂಬಿಡುವ ಹಲಸಿನ ಮರದ ಪತ್ತಾಯವನ್ನು ಬಿಚ್ಚಿ ಜೋಡಿಸಿದ ಆಚಾರ್ಯರು ಒಂದು ಮೊಳೆಯನ್ನೂ ಹೊಡೆಯಲಿಲ್ಲ. ಮಳೆಗಾಲದಲ್ಲಿ ಹಲಗೆ ಉಬ್ಬಲು, ಅದು ಕೂರುವ ಗಾಡಿಯಲ್ಲಿ (ಮರದ ತೋಡಿನಲ್ಲಿ) ಸಂದು ಬಿಟ್ಟಿದ್ದಾರೆ.

ಗೋಡೆ ಆರಲೆಂದು ಇಡೀ ಬೇಸಿಗೆ ಕಾದ, ಪ್ಲಾಸ್ಟಿಕ್ ಪೇಂಟ್ ಬೇಡ, ಸುಣ್ಣವೇ ಸಾಕು ಎಂದ ಮನೆಯವರಿಗೆ ನಾವು ಋಣಿಗಳು. ಸುಣ್ಣದ ಮುಂದಿನ ಕೈ ದೀಪಾವಳಿ ಕಳೆದ ಮೇಲೆ.